ದೇವಿರಮ್ಮ ಎತ್ತಿಟ್ಟ ಎರಡು ಮಾತ್ರೆ

೧೨ ಮಾರ್ಚ್ ೨೦೨೬, ಗುರುವಾರ

ಮೋರಿ ನೀರಿನ ಫಲಿತಾಂಶ ಇವತ್ತು ಬಂತು. ಆ ನೀರಿನ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ಆರು ಬಗೆಯ ಆಂಟಿಬಯಾಟಿಕ್ ಬಿಲ್ಲೆ ಇಟ್ಟಿದ್ದೆ. ನಾಲ್ಕಕ್ಕೆ ಬ್ಯಾಕ್ಟೀರಿಯಾ ಜಗ್ಗಿಲ್ಲ, ಬಿಲ್ಲೆಗೆ ಅಂಟಿಕೊಂಡೇ ಬೆಳೆದಿವೆ. ಜನ ಕೋರ್ಸ್ ಮುಗಿಸುವುದಿಲ್ಲ, ಸಿಕ್ಕ ಮಾತ್ರೆ ನುಂಗುತ್ತಾರೆ ಎಂದು ಲ್ಯಾಬಿನಲ್ಲಿ ಎಲ್ಲರಿಗಿಂತ ಜೋರಾಗಿ ಬೈದವಳು ನಾನೇ.

ಸಂಜೆ ಬಿಳಿ ಕೋಟಿನಲ್ಲೇ ಹೊರಟು ಕುವೆಂಪುನಗರದ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ದೇವಿರಮ್ಮನ ಹತ್ತಿರ ಸೊಪ್ಪು ಕೊಂಡೆ. ಆಕೆ ಸೊಪ್ಪು ಬೆಳೆಯುವುದೂ ಅದೇ ಮೋರಿಯ ನೀರಿನಲ್ಲಿ, ಬರಿಗಾಲಲ್ಲಿ ನಿಂತು. ಕಾಲಿನ ಹುಣ್ಣು ಮತ್ತೆ ಕೀವಾಗಿದೆ. ಹೋದ ತಿಂಗಳು ಅದನ್ನು ನೋಡಲಾರದೆ ನಾಲ್ಕು ಮಾತ್ರೆ ಕೊಟ್ಟಿದ್ದೆ. ನನ್ನ ಹಲ್ಲುನೋವಿನ ಆಂಟಿಬಯಾಟಿಕ್ ಕೋರ್ಸನ್ನು ಅರ್ಧಕ್ಕೇ ಬಿಟ್ಟಾಗ ಉಳಿದವು ಅವು.

"ನಿಮ್ ಮಾತ್ರೆ ಬೋ ಚೆನ್ನಾಗಿತ್ತು ಕಣವ್ವ. ಎರಡು ನುಂಗ್ದೆ, ನೋವು ಬುಟ್ಟೋಯ್ತು. ಇನ್ನೆರಡು ಮೊಮ್ಮಗಳಿಗೆ ಜರ ಬಂದ್ರೆ ಆಯ್ತದೆ ಅಂತ ಎತ್ತಿಟ್ಟಿವ್ನಿ."

"ಮಗೂಗೆ ಕೊಡಬೇಡಿ. ನಾಳೆ ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡ್ಹೋಗ್ತೀನಿ" ಅಂದೆ. ಅಷ್ಟರಲ್ಲಿ ಆಕೆ ಕೊಸರೆಂದು ಇನ್ನೊಂದು ಕಟ್ಟು ದಂಟನ್ನು ನನ್ನ ಚೀಲಕ್ಕೆ ತುರುಕಿದಳು.

"ಇರ್ಲಿ ತಕ್ಕಳಿ, ಡಾಕ್ಟ್ರಮ್ಮ."

ಈ ಬಿಳಿ ಕೋಟು ಬರೀ ಲ್ಯಾಬಿನದು, ನಾನು ಡಾಕ್ಟರಲ್ಲ ಎಂದು ಇವತ್ತೂ ಹೇಳಲಿಲ್ಲ.