ಅಕ್ಕನ ಪುಟಗುರುತು

ಮಾರ್ಚ್ ೧೪, ಗುರುವಾರ. ಅಕ್ಕ ಮಲಗಿದ್ದಾಳೆ.

ಮರೆವಿನ ವಿಷಯಕ್ಕೆ ಇಂದು ಅವಳನ್ನು ವೈದ್ಯೆಯ ಬಳಿ ಕರೆದೊಯ್ದಿದ್ದೆ. ಕುಡಿತ ಇದೆಯೇ, ನಿದ್ದೆ ಮಾತ್ರೆ ಇದೆಯೇ, ಮನಸ್ಸಿಗೆ ಬೇಸರವೇ ಎಂದು ಕೇಳಿದರು. ನಿವೃತ್ತ ನರ್ಸ್ ಅಲ್ಲವೇ, ಅಕ್ಕ ನಕ್ಕಳು. "ಎಷ್ಟು ಜನಕ್ಕೆ ನಾನೇ ಕೇಳಿದ ಪ್ರಶ್ನೆ ಇದು ಡಾಕ್ಟ್ರಮ್ಮ! ಯಾವುದೂ ಇಲ್ಲ ಅಂತ ಬರ್ಕೊಳ್ಳಿ."

"ಇದ್ರೆ ಹೇಳಿಬಿಡಿ. ಅವುಗಳಿಂದ ಬಂದ ಮರೆವಾದ್ರೆ ಸ್ವಲ್ಪನಾದ್ರೂ ಸರಿ ಮಾಡಬಹುದು," ಎಂದರು ವೈದ್ಯೆ.

ಹಿರಿಯಳಾದ ಅಕ್ಕನ ಮಾತನ್ನು ಅವಳೆದುರೇ ಅಲ್ಲಗಳೆಯಲು ನನಗೆ ಬಾಯಿ ಬರಲಿಲ್ಲ. ಭಾವ ಹೋದಾಗಿನಿಂದ ಅವಳಿಗೆ ರಾತ್ರಿ ಮಾತ್ರೆ ಬೇಕು, ಅದನ್ನು ನುಂಗಲು ನೀರಿನ ಬದಲು ಬ್ರಾಂದಿ ಬೇಕು.

ಒಂದೇ ಅನುವಾದಿತ ಕಾದಂಬರಿಯನ್ನು ನಾನು ಹಗಲು, ಅವಳು ಸಂಜೆ ಓದುತ್ತಿದ್ದೇವೆ. ಅವಳ ಪುಟಗುರುತು ಭಾವನ ಹಳೆಯ ಬಸ್ ಪಾಸ್. ಕುದುರೆಗಾಡಿ ಕೆಸರಲ್ಲಿ ಹೂತುಹೋಗುವ ಅಧ್ಯಾಯದಿಂದ ಅದು ಮುಂದೆ ಸರಿದಿಲ್ಲ.

"ಈ ಗಾಡಿಯವನು ಎಂಥಾ ತರಲೆ ಕಣೇ! ನೀನಿನ್ನೂ ಇಲ್ಲಿಗೆ ಬಂದಿಲ್ಲ, ಅಲ್ವಾ?" ಎಂದಳು ಸಂಜೆ. ನಿನ್ನೆಯೂ ಇದನ್ನೇ ಕೇಳಿದ್ದಳು.

"ಇಲ್ಲ ಅಕ್ಕ," ಎಂದೆ, ನಿನ್ನೆಯಂತೆಯೇ.

ಮಾತ್ರೆ, ಬ್ರಾಂದಿಯ ವಿಷಯ ಮುಚ್ಚಿಡಲಾರೆ ಎಂದು ನಾಳೆ ತಿಂಡಿ ತಿನ್ನುವಾಗ ಮೊದಲು ಅವಳಿಗೇ ಹೇಳುತ್ತೇನೆ, ಆಮೇಲೆ ಅವಳೆದುರೇ ವೈದ್ಯೆಗೆ ಫೋನ್ ಮಾಡುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಬಸ್ ಪಾಸನ್ನು ಮಾತ್ರ ಅದಿದ್ದ ಪುಟದಲ್ಲೇ ಬಿಟ್ಟಿದ್ದೇನೆ.