ಕೇಳಿದ್ದಕ್ಕೆ ಉತ್ತರ

ಮನೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ‘ಏನೂಂದ್ರೆ’ ಅವರಿಗೆ,

ಬೆನ್ನುನೋವು ಹೇಗಿದೆ? ಸೇತುವೆ ಕೆಲಸದವರ ಆ ತಗಡಿನ ಶೆಡ್ಡಿನಲ್ಲಿ ನಿದ್ದೆಯಾದರೂ ಬರುತ್ತಿದೆಯೇ? ಇಲ್ಲಿ ಮಗಳ ನೆಗಡಿ ಹೋಗಿ ನನಗೆ ಬಂದಿದೆ, ಬೇರೇನಿಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಸಂಜೆಗೆ ಕಾಲು ಬಿದ್ದುಹೋಗುವ ಹಾಗಾಗುತ್ತದೆ. ನಿಮಗೆ ಬಿಸಿನೆಸ್ ಸ್ಕೂಲಿನಲ್ಲಿ ಸೀಟು ಸಿಕ್ಕರೆ ಎರಡು ವರ್ಷ ಅದಿರುವ ಊರಲ್ಲೇ ಇರಬೇಕಲ್ಲ, ಅದರ ಮಾತು ಕೊನೆಗೆ ಬರೆಯುತ್ತೇನೆ.

ನೀವು ಹೇಳಿದಂತೆ ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆಗೆ ಗಣಿತದ ಅಭ್ಯಾಸ ಪುಸ್ತಕ ಆರಿಸಲು ನಿನ್ನೆ ಹೋಗಿದ್ದೆ. ಪುಸ್ತಕದಂಗಡಿಯವರು “ಮಗಳಿಗಾ?” ಎಂದರು. “ಮಗಳ ಅಪ್ಪನಿಗೆ” ಎಂದೆ. ಅವರು ನಗಲಿಲ್ಲ, ಏಣಿ ಹತ್ತಿ ದಿಂಬಿನಂಥ ಒಂದು ಪುಸ್ತಕ ಇಳಿಸಿದರು. ನಿಮ್ಮ ಸ್ನೇಹಿತರು ಹೇಳಿದ್ದು ಅದೇ. ಲೆಕ್ಕಗಳೇನೋ ರಾಶಿ ರಾಶಿ ಇವೆ, ಹಿಂದೆ ಬರೀ ಉತ್ತರಗಳು. ಇನ್ನೊಂದರ ತುಂಬ ಬೇಗ ಬಿಡಿಸುವ ಉಪಾಯಗಳು. ಅದನ್ನು ಹಾಗೇ ಕೆಳಗಿಟ್ಟೆ. ಅವಸರವನ್ನು ನಿಮಗೆ ಯಾರೂ ಕಲಿಸಬೇಕಿಲ್ಲ.

ಹೋಗುವ ಮೊದಲು ನಾನೂ ಮಗಳೂ ನೀವು ಬಿಟ್ಟುಹೋದ ಮಾದರಿ ಪರೀಕ್ಷೆಯ ಹಾಳೆಗಳನ್ನು ಹರಡಿಕೊಂಡು ಕೂತಿದ್ದೆವು. ಎಲ್ಲಿ ತಪ್ಪುತ್ತೀರಿ ಎಂದು ತಿಳಿಯದೆ ಪುಸ್ತಕ ಆರಿಸುವುದು, ಕಣ್ಣು ನೋಡದೆ ಕನ್ನಡಕ ಕೊಟ್ಟ ಹಾಗೆ. ಆದರೆ ನೀವು ಲೆಕ್ಕದಲ್ಲಿ ತಪ್ಪುವುದೇ ಇಲ್ಲ. ಅಣ್ಣನ ವಯಸ್ಸು ಕೇಳಿದ್ದರೆ ತಮ್ಮನದನ್ನು ಸರಿಯಾಗಿ ಕಂಡುಹಿಡಿದು ಅದಕ್ಕೇ ಗುರುತು ಹಾಕಿದ್ದೀರಿ. ತೊಟ್ಟಿಯಲ್ಲಿ ಉಳಿದ ನೀರೆಷ್ಟು ಎಂದರೆ ಸೋರಿದ್ದೆಷ್ಟು ಎಂದು ಹೇಳಿದ್ದೀರಿ. ಮಗಳು, “ಅಪ್ಪಂಗೆ ಲೆಕ್ಕ ಬರುತ್ತಮ್ಮ, ಪ್ರಶ್ನೆ ಬರಲ್ಲ” ಎಂದಳು. ಇಬ್ಬರೂ ನಕ್ಕೆವು. ಅವಳಿಗಿಂತ ಮೊದಲು ನನ್ನ ನಗು ನಿಂತಿತು. ಅಂಗಡಿಗೂ ಇಂಥವರು ಬರುತ್ತಾರೆ. ಕಣ್ಣು ಪರೀಕ್ಷಿಸುವ ಅಕ್ಷರದ ಹಲಗೆಯಲ್ಲಿ ನಾನು ಕೆಳಗಿನ ಸಾಲು ತೋರಿಸುವಷ್ಟರಲ್ಲಿ ಮೇಲಿನದನ್ನು ಗಟ್ಟಿಯಾಗಿ ಓದಿ ಮುಗಿಸಿ, ಶಹಭಾಸ್ ಅನ್ನಲಿ ಎಂದು ಕಾಯುತ್ತಾರೆ.

ಆದ್ದರಿಂದ ಮೂರನೆಯ ಪುಸ್ತಕವನ್ನು ಕಳಿಸುತ್ತಿದ್ದೇನೆ. ತೆಳ್ಳಗಿದೆಯೆಂದು ಮೂಗು ಮುರಿಯಬೇಡಿ. ಅದರಲ್ಲಿ ಪ್ರತಿ ತಪ್ಪು ಉತ್ತರದ ಕೆಳಗೂ, ಅದನ್ನು ಆರಿಸಿದವರು ಪ್ರಶ್ನೆಯ ಯಾವ ಪದವನ್ನು ಗಮನಿಸಲಿಲ್ಲ ಎಂದು ಬರೆದಿದೆ. ಒಳ್ಳೆಯ ಅನುವಾದಕರ ಅಡಿಟಿಪ್ಪಣಿಗಳ ಹಾಗೆ. ಬಸ್ಸಿನಲ್ಲಿ ನಾನೇ ಓದುತ್ತ ಬಂದೆ. ಕೊನೆಯ ಅಧ್ಯಾಯ ವಿಚಿತ್ರವಾಗಿದೆ. ಅಲ್ಲಿ ಲೆಕ್ಕ ಬಿಡಿಸಬೇಕಿಲ್ಲ, ಕೊಟ್ಟ ಮಾಹಿತಿಯಿಂದ ಉತ್ತರ ಸಿಗುತ್ತದೋ, ಮಾಹಿತಿ ಸಾಲದೋ, ಅಷ್ಟು ಹೇಳಿದರೆ ಮುಗಿಯಿತು. ಅದನ್ನು ನಿಧಾನವಾಗಿ ಮಾಡಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಬೆನ್ನಿಗೆ ಹಚ್ಚುವ ಮುಲಾಮನ್ನು ಪುಸ್ತಕದ ಜೊತೆಗೇ ಇಟ್ಟಿದ್ದೇನೆ. ಮಗಳು ತನ್ನ ಪ್ರೀತಿಯನ್ನೂ ತಿಳಿಸಲು ಹೇಳಿದ್ದಾಳೆ.

ಇಷ್ಟು ಬರೆದು ಸಾಕಾದ,
ನಿಮ್ಮವಳು

ಲಕೋಟೆ ಅಂಟಿಸುವ ಮೊದಲು: ನಮ್ಮ ಕನ್ನಡಕದಂಗಡಿಯ ಯಜಮಾನರು ಇಲ್ಲೇ ಇನ್ನೊಂದು ಅಂಗಡಿ ತೆರೆಯುತ್ತಿದ್ದಾರೆ, “ನೀನೇ ನೋಡ್ಕೊಳ್ತೀಯೇನಮ್ಮ?” ಎಂದು ಕೇಳಿದ್ದಾರೆ. ಈ ತಿಂಗಳೊಳಗೆ ಹೇಳಬೇಕು. ಸೀಟು ಸಿಕ್ಕರೆ ನಾವಿಬ್ಬರೂ ನಿಮ್ಮ ಜೊತೆ ಬರುವುದೋ, ಇಲ್ಲೇ ಇರುವುದೋ? ಕಳೆದ ಪತ್ರದಲ್ಲೂ ಕೇಳಿದ್ದೆ. ಅಲ್ಲಿನ ಹಾಸ್ಟೆಲ್ ಚೆನ್ನಾಗಿದೆಯಂತೆ ಎಂದು ಬರೆದಿರಿ. ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಮಾಹಿತಿ ಸಾಲದು ಎಂಬ ಉತ್ತರ ಮಾತ್ರ ಬೇಡ.