ಓಡ್ನಿಯವರಿಗೆ ದಾರಿ ಹೇಳಿದ್ದು

ಅಲ್ಟಾ, ಮಾರ್ಚ್

ಪ್ರೀತಿಯ ಅಕ್ಕ,

ಮಂಡಿ ಮುರಿದುಕೊಂಡು ಸ್ಕೀ ತಂಡದಿಂದ ಹೊರಬಿದ್ದ ಮೇಲೆ ನನಗೆ ಸ್ಕೀ ಕಂಡರೇ ಬೇಸರವಾಗಿದ್ದುದು ನಿನಗೆ ಗೊತ್ತು. ಉತ್ತರದ ಈ ಊರಿಗೆ ಪಾಠ ಹೇಳಲು ಬರುವಾಗಲೂ ನನ್ನ ಸ್ಕೀ ತಂದಿರಲಿಲ್ಲ. ಪಕ್ಕದ ಮನೆಯ ಓಡ್ನಿ ಎಪ್ಪತ್ತು ದಾಟಿದವರು, ಕಣ್ಣು ಕಾಣುವುದಿಲ್ಲ. ಮುಂದೆ ಯಾರಾದರೂ ದಾರಿ ಕೂಗುತ್ತಾ ಹೋದರೆ ಆ ದನಿ ಹಿಡಿದು ಸ್ಕೀ ಮೇಲೆ ಹಿಂದೆಯೇ ಬರುತ್ತಾರೆ. ಭಾನುವಾರ ಅವರ ಜೊತೆಗಾರನಿಗೆ ಜ್ವರವೆಂದು, ಮಗಳ ಹಳೆಯ ಸ್ಕೀ ಕೊಟ್ಟು ನನ್ನನ್ನೇ ಎಳೆದುಕೊಂಡು ಹೋದರು.

ಇಳಿಜಾರಿನಲ್ಲಿ ಭಯದಿಂದ ನನ್ನ ದನಿಯೇ ನಿಂತುಹೋಯಿತು.

“ಬಾಯಿ ಬಿಡೇ ಹುಡುಗಿ! ನೀನು ಸುಮ್ಮನಾದ್ರೆ ನಾನು ಮರಕ್ಕೆ ಮುತ್ತಿಡ್ಬೇಕಾಗುತ್ತೆ!” ಎಂದು ಹಿಂದಿನಿಂದ ಗದರಿದರು.

“ಎಡಕ್ಕೆ! ಈಗ ನೇರ! ಸ್ವಲ್ಪ ನಿಧಾನ ಮಾಡ್ಲಾ?” ಎಂದು ಕೂಗಿದೆ.

“ಕಣ್ಣು ಕಾಣ್ದಿರೋದು ನನಗೆ, ಹೆದರ್ಕೊಳ್ಳೋದು ನೀನು! ಜೋರಾಗಿ ಹೋಗೇ!”

ಹೋದೆ. ತಿರುವು ಹೇಳುವ ಗಡಿಬಿಡಿಯಲ್ಲಿ ಮಂಡಿಯ ನೆನಪೇ ಬರಲಿಲ್ಲ. ಕೆಳಗೆ ತಲುಪಿದಾಗ ರೆಪ್ಪೆಯ ಮೇಲೆಲ್ಲ ಹಿಮ ಹೊತ್ತು ಅವರು ನಗುತ್ತಿದ್ದರು. ಎಂಥ ಹೆಂಗಸು! “ಇನ್ನೊಂದ್ಸಲ ಹೋಗೋಣ್ವಾ?” ಎಂದು ಕೇಳಿದ್ದು ಅವರಲ್ಲ ಅಕ್ಕ, ನಾನು.

ಆರೋಗ್ಯ ಚೆನ್ನಾಗಿದೆ, ಗಂಟಲು ಮಾತ್ರ ಕೂಗಿ ಕೂಗಿ ಕಟ್ಟಿಹೋಗಿದೆ. ಓಡ್ನಿ ಬಾಗಿಲು ಬಡಿಯುತ್ತಿದ್ದಾರೆ, ಹೊರಟೆ.

ನಿನ್ನ ತಂಗಿ,
ಯೋರುನ್